ಕಾಲು ಮುಂದಾಗಿ ಬಂದವಳು

ತಲೆ ಮುಂದಾಗಿ ಹುಟ್ಟುವುದು ಲೋಕದ ರೂಢಿ. ಕಲ್ಯಾಣಿಗೆ ಅಷ್ಟು ತಾಳ್ಮೆ ಇರಲಿಲ್ಲವೋ ಏನೋ, ಕಾಲು ಮುಂದೆ ಮಾಡಿಕೊಂಡು ಬಂದಳು. ಅವಳ ತಾಯಿ ಬಸ್ಸಮ್ಮ ಸಾಯುವುದೊಂದು ಬಾಕಿ ಇತ್ತಂತೆ. ಸೂಲಗಿತ್ತಿ ಮುದುಕಿ ಬೆವರು ಒರೆಸಿಕೊಂಡು, "ನಿನ್ನ ಮಗಳ ಕಾಲಿಗೆ ಗಿರಾಕಿ ಬರ್ತಾರ ನೋಡು ಬಸ್ಸಿ" ಎಂದು ಹೇಳಿ ಹೋದಳು. ಆ ಮಾತು ಸುಳ್ಳಾಗಲಿಲ್ಲ. ಕಾಲು ಮುಂದಾಗಿ ಹುಟ್ಟಿದವರು ತುಳಿದರೆ ನಡುವಿನ ಚಳಕು ಬಿಡುತ್ತದೆ ಎಂಬುದು ಗಬ್ಬೂರಿನವರ ನಂಬಿಕೆ. ಹತ್ತಿಯ ಮೂಟೆ ಎತ್ತುವಾಗಲೋ ಕೊಡ ಇಳಿಸುವಾಗಲೋ ಸೊಂಟ ಛಳಕ್ಕೆಂದು ಹಿಡಿದುಕೊಂಡಿತೆಂದರೆ, ಜನ ಗೋಡೆ ಹಿಡಿದುಕೊಂಡು ಕೇರಿಯ ತನಕ ಬರುತ್ತಿದ್ದರು. ಅವರು ಬೋರಲು ಮಲಗಬೇಕು. ಮಗು ಅವರ ನಡುವಿನ ಮೇಲೆ ಮೂರು ಸಲ ಹಗುರವಾಗಿ ಕಾಲೂರಿ "ಹೋತು" ಅನ್ನಬೇಕು. ಮಲಗಿದವರು ಎದ್ದು ಬಾಯಿ ಬಿಡದೆ ಮನೆಗೆ ಹೋಗಬೇಕು. "ಹೋತು" ಎಂದ ಮೇಲೆ ನೋವಿನ ಮಾತೆತ್ತಿದರೆ ಅದು ಕರೆದವರ ಮನೆಗೆ ಬಂದಹಾಗೆ ತಿರುಗಿ ಬರುತ್ತದಂತೆ.

ಕೇರಿಯವರನ್ನು ಹೊಸ್ತಿಲು ದಾಟಗೊಡದ ದೊಡ್ಡ ದೊಡ್ಡ ಮನೆಯವರೂ ಈ ಕೇರಿಯ ಹುಡುಗಿಯ ಪಾದಕ್ಕೆ ಬೆನ್ನು ಕೊಟ್ಟರು. ನಡ ಹಿಡಿದುಕೊಂಡಾಗ ಮಡಿ ಮೈಲಿಗೆ ಯಾರಿಗೆ ನೆನಪಾಗುತ್ತದೆ? ನೋವು ಹೋದ ಮೇಲೆ ಎಲ್ಲ ನೆನಪಾಗುತ್ತಿತ್ತು, ಅದು ಬೇರೆ ಮಾತು.

ಹೀಗೆ ಬೆನ್ನು ಕೊಟ್ಟವರಲ್ಲಿ ಮಹಾಂತಯ್ಯ ಮಾಸ್ತರರೂ ಒಬ್ಬರು. ಊರ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದರು. ಬಣ್ಣದ ಸೀಮೆಸುಣ್ಣದಲ್ಲಿ ಬೋರ್ಡಿನ ಮೇಲೆ ಮೆದುಳು ಬರೆದು, ಅದರ ಬುಡದಿಂದ ಬೆನ್ನುಹುರಿಯನ್ನು ಉದ್ದಕ್ಕೆ ಇಳಿಬಿಟ್ಟು, "ಇವೆರಡು ಸೇರಿದ್ರ ಕೇಂದ್ರ ನರವ್ಯೂಹ. ಮ್ಯಾಲಿನ ಹುಕುಂ ಕೆಳಗ ಹೋಗ್ತದ, ಕೆಳಗಿನ ಸುದ್ದಿ ಮ್ಯಾಲ ಬರ್ತದ" ಎಂದು ಹೇಳುತ್ತಿದ್ದರು. ಹೀಗೆ ಹೇಳುವ ಮನುಷ್ಯ ಚಳಕು ಹಿಡಿದಾಗ ಮಾತ್ರ ತನ್ನ ವಿದ್ಯಾರ್ಥಿನಿಯ ಕಾಲಡಿ ಬಂದು ಮಲಗುತ್ತಿದ್ದರು. ಕಲ್ಯಾಣಿ ಚುರುಕು ಹುಡುಗಿ ಎಂದು ಮೊದಲು ಕಂಡುಕೊಂಡವರೂ ಅವರೇ. ನರ್ಸಿಂಗ್ ಓದಿಸು ಎಂದು ಬಸ್ಸಮ್ಮನ ಬೆನ್ನು ಹತ್ತಿದವರೂ ಅವರೇ. ಕಲ್ಯಾಣಿ ಓದಿದಳು, ಮುಂದಕ್ಕೂ ಓದಿದಳು, ಈಗ ರಾಯಚೂರಿನ ಒಂದು ನರ್ಸಿಂಗ್ ಕಾಲೇಜಿನಲ್ಲಿ ದೇಹರಚನೆ ಕಲಿಸುತ್ತಾಳೆ. ನರ್ಸಿಂಗ್ ಸೇರಿದ ವರ್ಷವೇ ತುಳಿಯುವುದನ್ನು ಬಿಟ್ಟಿದ್ದಳು. ಯಾರಾದರೂ ಕೇಳಿದರೆ, "ಈ ಕಾಲಿಗೆ ರಿಟೈರ್ಮೆಂಟ್ ಆಗ್ಯಾದ್ರಿ" ಎಂದು ನಗಿಸಿ ಕಳಿಸುತ್ತಿದ್ದಳು.

ಆ ಭಾನುವಾರ ಅವಳು ಗಬ್ಬೂರಿಗೆ ಬಂದದ್ದು ತಮ್ಮನ ಮದುವೆಯ ಪತ್ರಿಕೆ ಹಂಚಲು. ತಮ್ಮ ಗೌತಮ ದೇವದುರ್ಗದಲ್ಲಿ ಪ್ರೈಮರಿ ಶಾಲೆಯ ಮಾಸ್ತರ. ಹೆಣ್ಣು ಮಾನ್ವಿ ತಾಲ್ಲೂಕಿನ ಬಾಗಲವಾಡದ್ದು. ಮೊದಲ ಪತ್ರಿಕೆ ಮಾಸ್ತರರಿಗೇ ಎಂದು ಮುಂಜಾನೆ ಅವರ ಮನೆಗೆ ಹೋದಳು. ಮಾಸ್ತರರು ಪಡಸಾಲೆಯ ಕಂಬಕ್ಕೆ ಒರಗಿ ಅರ್ಧ ಬಾಗಿಕೊಂಡೇ ಕೂತಿದ್ದರು. ಪಕ್ಕದ ಮನೆಯ ಗೌಡತಿಯೂ ಅಲ್ಲಿದ್ದಳು. ಪತ್ರಿಕೆ ನೋಡಿ ಮಾಸ್ತರರಿಗೆ ಖುಷಿಯೋ ಖುಷಿ. ಅವರ ಹೆಂಡತಿ ಶಿವಗಂಗಮ್ಮ ಚಹಾ ತಂದರು. ಗೌಡತಿಗೆ ಸ್ಟೀಲಿನ ಲೋಟ, ಮಾಸ್ತರರಿಗೆ ಸ್ಟೀಲಿನ ಲೋಟ, ಕಲ್ಯಾಣಿಗೆ ಪೇಪರ್ ಕಪ್ಪು. ಹಿಂದೆ ಅಂಗಳದ ಗೂಡಿನಲ್ಲಿ ಕೇರಿಯವರಿಗೆಂದೇ ಒಂದು ಸೊಟ್ಟ ಅಲ್ಯುಮಿನಿಯಂ ಲೋಟ ಇರುತ್ತಿತ್ತು. ಈಗ ಅದಿಲ್ಲ. ಕಾಲ ಸುಧಾರಿಸಿದೆ.

ಕಲ್ಯಾಣಿ ಆ ಚಹಾವನ್ನು ಕುಡಿದಳು. ರಾಯಚೂರಿನಲ್ಲಿ ಎಷ್ಟೋ ಹುಡುಗಿಯರು ಅವಳನ್ನು ಕಂಡರೆ ಎದ್ದು ನಿಲ್ಲುತ್ತಾರೆ. ಇಲ್ಲಿ ಈ ಮನೆಯಲ್ಲಿ ಅವಳಿನ್ನೂ ಗೂಡಿನ ಲೋಟದವಳೇ. ಸಿಟ್ಟು ಬಂತು, ಮುಖದ ಮೇಲೆ ಮಾತ್ರ ನಗು ಇತ್ತು.

ಗೌಡತಿ ಎದ್ದು ಹೋದಳು, ಶಿವಗಂಗಮ್ಮ ಒಳಗೆ ಹೋದರು. ಮಾಸ್ತರರು ದನಿ ತಗ್ಗಿಸಿ, "ನೀ ಬಂದಿದ್ದು ಛಲೋ ಆತು ಕಲ್ಯಾಣಿ. ನಿನ್ನಿ ಪುಸ್ತಕದ ಪೆಟ್ಟಿಗಿ ಎತ್ತಾಕ ಹೋಗಿ ನಡಾ ಹಿಡಕೊಂಡದ" ಎಂದರು.

"ಹ್ಯಾಂಗ ಆಗಾಕತ್ತದ ಸರ್?"

"ಎರಡೂ ಕಾಲು ಝುಂ ಅಂತಾವ. ಕುಂತ್ರ ಕುಂತಂಗ ಅನಸೂದಿಲ್ಲ, ಹತ್ತಿ ಮ್ಯಾಲ ಕುಂತಂಗ ಆಗ್ತದ. ನಿನ್ನ ಮುಂದ ಹೇಳಾಕ ನಾಚಿಕಿ ಯಾಕ, ಮುಂಜಾನಿಂದ ಒಂದಕ್ಕ ಹೋಗೂದೂ ಸರಿ ಆಗವಲ್ದು. ವಯಸ್ಸು."

ಕಲ್ಯಾಣಿಗೆ ಅದೇನೆಂದು ಆಗಲೇ ತಿಳಿಯಿತು. ಬೆನ್ನುಹುರಿ ಸೊಂಟದ ಮೇಲ್ತುದಿಯಲ್ಲೇ ಮುಗಿದುಹೋಗುತ್ತದೆ. ಅಲ್ಲಿಂದ ಕೆಳಕ್ಕೆ ನರಗಳು ಬಿಡಿಬಿಡಿಯಾಗಿ ಜೋತುಬೀಳುತ್ತವೆ. ನೋಡಲು ಕುದುರೆಯ ಬಾಲದ ಹಾಗೆ ಇರುವುದರಿಂದ ಅದಕ್ಕೆ ಆ ಹೆಸರೇ ಇದೆ. ಕಾಲಿನ ಬಲ, ಕೂರುವ ಜಾಗದ ಸ್ಪರ್ಶ, ಮೂತ್ರದ ಹಿಡಿತ, ಎಲ್ಲ ಆ ಗೊಂಚಲಿನದೇ ಕೆಲಸ. ಬೆನ್ನಿನ ಎರಡು ಮೂಳೆಗಳ ನಡುವಿನ ಮೆತ್ತೆ ಜಾರಿ ಅದನ್ನು ಒತ್ತಿದರೆ ಈ ಮೂರೂ ಒಟ್ಟಿಗೆ ಕೆಡುತ್ತವೆ. "ಇವು ಮೂರೂ ಕೂಡಿ ಬಂದ್ರ ಕಾಯಬ್ಯಾಡ್ರಿ, ಅವತ್ತ ಆಪರೇಷನ್ನಿಗೆ ಕಳಸ್ರಿ" ಎಂದು ಪ್ರತಿ ವರ್ಷ ಹುಡುಗಿಯರಿಗೆ ಬಾಯಿಪಾಠ ಮಾಡಿಸುವವಳು ಅವಳೇ. ಹೇಳಬೇಕೆಂದು ಬಾಯಿ ತೆರೆದಳು ಕೂಡ.

ಅಷ್ಟರಲ್ಲಿ ಶಿವಗಂಗಮ್ಮ ಹೊರಗೆ ಬಂದು ಸ್ಟೀಲಿನ ಲೋಟಗಳನ್ನು ಎತ್ತಿಕೊಂಡರು. "ಆ ಕಪ್ಪು ಹೋಗ್ತಾ ತಿಪ್ಪಿಗೆ ಒಗದು ಹೋಗವ್ವಾ" ಎಂದರು. ಮಾಸ್ತರರು ಕೇಳಿಸಿಕೊಂಡರು. ಕೇಳಿಸಿಕೊಂಡು ಗೋಡೆಯ ಕ್ಯಾಲೆಂಡರಿನತ್ತ ನೋಡತೊಡಗಿದರು.

"ಅದೆಲ್ಲ ಇರ್ಲಿ, ನಿನ್ನ ಕಾಲು ಒಂದ್ಸಲ ಹಚ್ಚಿಬಿಡು" ಎಂದರು, ಹೆಂಡತಿ ಒಳಗೆ ಹೋದ ಮೇಲೆ.

ಹಚ್ಚುವುದಿಲ್ಲ ಎಂದು ಕಲ್ಯಾಣಿ ಅನ್ನಬೇಕಿತ್ತು. ರಾಯಚೂರಿಗೆ ನಡೀರಿ ಸರ್, ಈಗಲೇ ಗಾಡಿ ಮಾಡೋಣ ಅನ್ನಬೇಕಿತ್ತು. ಅವಳ ಒಳಗೆ ಬೇರೆಯೇ ಒಂದು ದನಿ ಎದ್ದಿತು: ಮಲಗಲಿ. ಲೋಟಕ್ಕೆ ಆಗದವಳ ಕಾಲಡಿ ಮಲಗಲಿ. ಮಾಸ್ತರರು ಅಂಗಳದ ಹಾಸುಗಲ್ಲಿನ ಮೇಲೆ ಟವೆಲ್ ಹಾಸಿಕೊಂಡು ಬೋರಲು ಮಲಗಿದರು. ಮೊದಲ ಸಲ ಅವಳು ಹಗುರವಾಗಿಯೇ ಕಾಲೂರಿದಳು. ಎರಡನೆಯ ಸಲವೂ ಅಷ್ಟೆ. ಮೂರನೆಯ ಸಲ ಹಿಮ್ಮಡಿಯೂರಿ ಮೈಭಾರ ಬಿಟ್ಟಳು. ಮಾಸ್ತರರು "ಯಪ್ಪಾ" ಎಂದು ನರಳಿದರು. ಆ ನರಳಿಕೆ ಅವಳಿಗೆ ಹಿತವಾಯಿತು. ಇದು ಅವಳು ಮುಂದೆ ಎಷ್ಟು ತೊಳೆದರೂ ಹೋಗಲಿಲ್ಲ, ಹಿತವಾಗಿತ್ತು.

"ಹೋತು" ಎಂದಳು.

ಮಾಸ್ತರರು ಕಂಬ ಹಿಡಿದು ಎದ್ದರು, ವಿಧಿಯ ಪ್ರಕಾರ ಮಾತಾಡದೆ ಒಳಗೆ ಹೋದರು.

ರಾಯಚೂರಿನ ಬಸ್ಸಿನಲ್ಲಿ ಕೂತಾಗ ಸಿಟ್ಟು ಇಳಿದು ನಾಚಿಕೆ ಏರಿತು. ಸಂಜೆಗೆ ಫೋನ್ ಮಾಡಿ ಹೇಳಿದರಾಯಿತು ಅಂದುಕೊಂಡಳು. ಸಂಜೆ ಆಯಿತು, ಮಾಡಲಿಲ್ಲ. ನಾನು ತಪ್ಪು ತಿಳಿದಿರಬಹುದು, ಬರೀ ಚಳಕು ಇರಬಹುದು, ಬೆಳಿಗ್ಗೆ ನೋಡೋಣ ಅಂದುಕೊಂಡಳು. ಬೆಳಿಗ್ಗೆ ಕ್ಲಾಸಿತ್ತು. ಫೋನ್ ಎತ್ತಿದರೆ ಶಿವಗಂಗಮ್ಮ ಎತ್ತುತ್ತಾರೆ, ಆ ದನಿ ಕೇಳುವುದು ಬೇಡ ಎಂಬುದು ಒಳಗಿನ ಖರೆ ಕಾರಣ. ತಪ್ಪು ಮಾಡುವವರಿಗೆ ನೆಪದ ಬರ ಇರುವುದಿಲ್ಲ, ಅವಳಿಗೂ ಇರಲಿಲ್ಲ.

ಸೋಮವಾರ ಅವಳು ಕಲಿಸಿದ್ದು ಪರಾವರ್ತಿತ ಕ್ರಿಯೆ. ಸುಡುವ ಹಂಚಿಗೆ ಕೈ ತಗುಲಿದರೆ ಕೈ ತಾನೇ ಹಿಂದಕ್ಕೆ ಬರುತ್ತದೆ. ಆ ಹುಕುಂ ಕೊಡುವುದು ಬೆನ್ನುಹುರಿ. ಮೆದುಳಿಗೆ ಸುದ್ದಿ ಮುಟ್ಟುವ ಹೊತ್ತಿಗೆ ಕೆಲಸ ಮುಗಿದಿರುತ್ತದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಮಿಸ್, ಸಿಟ್ಟು ಬಂದು ಒದ್ರ ಅದೂ ಹಂಗ ಏನ್ರಿ? ಕಾಲು ತಾನ ಹೋಗಿಬಿಡ್ತದಲ್ರಿ" ಎಂದು ಕೇಳಿದಳು. ಕ್ಲಾಸೆಲ್ಲ ನಕ್ಕಿತು. ಕಲ್ಯಾಣಿ ಸೀಮೆಸುಣ್ಣ ಕೆಳಗಿಟ್ಟಳು.

"ಅಲ್ಲ" ಎಂದಳು. "ಸಿಟ್ಟು ಮೆದುಳಿನ್ಯಾಗ ಹುಟ್ತದ. ಹಣಿ ಹಿಂದಿನ ಭಾಗ ಅದನ್ನ ತೂಗಿ ನೋಡ್ತದ, ಮಾಡ್ಲ್ಯೋ ಬ್ಯಾಡೋ ಅಂತ. ಆಮ್ಯಾಲ ಮ್ಯಾಲಿಂದ ಹುಕುಂ ಹೊಂಟು ಬೆನ್ನುಹುರಿಗುಂಟ ಕಾಲಿಗೆ ಬರ್ತದ. ಕಾಲು ತಾನ ಹೋತು ಅನ್ನಾಕ ಬರೂದಿಲ್ಲ. ನಾವ ಕಳಿಸಿರ್ತೀವಿ."

ಹುಡುಗಿಯರು ಬರೆದುಕೊಂಡರು. ಕಲ್ಯಾಣಿ ತಿರುಗಿ ಬೋರ್ಡು ಒರೆಸತೊಡಗಿದಳು.

ಮಂಗಳವಾರ ಗೌತಮನ ಫೋನ್ ಬಂತು. ಮಾಸ್ತರರಿಗೆ ಮುಂಜಾನೆ ಹಾಸಿಗೆಯಿಂದ ಏಳಲಾಗಲಿಲ್ಲ, ಎರಡೂ ಕಾಲು ಬಿದ್ದುಹೋಗಿವೆ, ರಾಯಚೂರಿಗೆ ಹಾಕಿಕೊಂಡು ಬಂದಿದ್ದಾರೆ ಎಂದ. ಅವಳು ಆಸ್ಪತ್ರೆಗೆ ಓಡಿದಳು. ಅದೇ ದಿನ ಆಪರೇಷನ್ ಆಯಿತು. ಹೊರಗೆ ಬಂದ ಡಾಕ್ಟರು, ಜಾರಿದ ಮೆತ್ತೆ ನರಗಳನ್ನು ಹಿಂಡಿಹಾಕಿತ್ತು, ತೆಗೆದಿದ್ದೇವೆ ಎಂದರು. "ತಡ ಆಗ್ಯಾದ. ಒಂದಕ್ಕ ನಿಂತ ದಿನಾನ ಬಂದಿದ್ರ ಮಾತು ಬ್ಯಾರೆ ಇತ್ತು" ಎಂದೂ ಸೇರಿಸಿದರು. ಯಾವತ್ತು ನಿಂತಿತು ಎಂದು ಕೇಳಿದರೆ ಶಿವಗಂಗಮ್ಮನಿಗೆ ಗೊತ್ತಿಲ್ಲ. "ನಮ್ಮ ಮುಂದ ಒಂದ್ ಮಾತೂ ಆಡ್ಲಿಲ್ರಿ ಅವರು, ಬಾಯಿ ಹೊಲಕೊಂಡವ್ರಂಗ ಮಲಗಿದ್ರು" ಎಂದು ಸೆರಗು ಬಾಯಿಗೊತ್ತಿಕೊಂಡರು.

ಯಾಕೆ ಆಡಲಿಲ್ಲ ಎಂಬುದು ಕಲ್ಯಾಣಿಗೆ ಗೊತ್ತಿತ್ತು. ಅವಳು "ಹೋತು" ಎಂದಿದ್ದಳಲ್ಲ.

ಅಂದಿನಿಂದ ಅವಳು ಕಾಲೇಜು ಬಿಟ್ಟರೆ ವಾರ್ಡು, ವಾರ್ಡು ಬಿಟ್ಟರೆ ಕಾಲೇಜು. ಮಾಸ್ತರರನ್ನು ಮಗ್ಗುಲು ತಿರುಗಿಸುತ್ತಿದ್ದಳು, ಬೆನ್ನಿಗೆ ಹುಣ್ಣಾಗದಂತೆ ದಿಂಬು ಇಡುತ್ತಿದ್ದಳು, ಮೂತ್ರದ ನಳಿಗೆಯನ್ನು ಹೇಗೆ ಸ್ವಚ್ಛ ಇಡಬೇಕೆಂದು ಶಿವಗಂಗಮ್ಮನಿಗೆ ತೋರಿಸುತ್ತಿದ್ದಳು. "ನಮ್ಮ ಹೊಟ್ಟ್ಯಾಗ ಹುಟ್ಟಿದವ್ರೂ ಇಷ್ಟು ಮಾಡೂದಿಲ್ಲ" ಎಂದು ಶಿವಗಂಗಮ್ಮ ಪಕ್ಕದ ಮಂಚದವರಿಗೆಲ್ಲ ಹೇಳಿದರು. ತಮ್ಮ ಬುತ್ತಿಯ ರೊಟ್ಟಿ ಮುರಿದು ಅವಳ ಕೈಗೆ ಕೊಟ್ಟರು, ತಾವು ಕುಡಿದ ಲೋಟದಲ್ಲೇ ನೀರು ಕೊಟ್ಟರು. ಮೂವತ್ತು ವರ್ಷ ಆಗದ್ದು ವಾರ್ಡಿನಲ್ಲಿ ತಾನಾಗಿ ಆಗಿಹೋಯಿತು. ಇದಕ್ಕಾಗಿ ಎಷ್ಟೋ ಆಸೆಪಟ್ಟಿದ್ದವಳು ಈಗ ಆ ರೊಟ್ಟಿಯನ್ನು ತಿನ್ನದೆ ಚೀಲಕ್ಕೆ ಹಾಕಿಕೊಂಡಳು. ಬೈದರೆ, ಹೊಡೆದರೆ ಎಷ್ಟೋ ಹಗುರಾಗುತ್ತಿತ್ತು.

ಮಾಸ್ತರರ ಮಗ ಮರಿಸ್ವಾಮಿ. ಮಾನ್ವಿಯಲ್ಲಿ ಬೀಜ ಗೊಬ್ಬರದ ಅಂಗಡಿ. ಅಂಗಡಿ ಮುಚ್ಚಿ ಬಂದು ಅಪ್ಪನ ಕಾಲ ಹತ್ತಿರ ಕೂತವನಿಗೆ ದುಃಖಕ್ಕಿಂತ ಸಿಟ್ಟೇ ಹೆಚ್ಚು. ಸಿಟ್ಟಿಗೆ ಒಬ್ಬ ಮನುಷ್ಯ ಬೇಕು, ಸಿಕ್ಕಿದ್ದ ಕೂಡ. ಸೋಮವಾರ ನಡುನೋವು ತಡೆಯಲಾರದೆ ಮಾಸ್ತರರು ಊರಿನ ಜಿಲಾನಿ ಪಾಷಾನನ್ನು ಕರೆಸಿ, ನೋವಿನ ಮಾತೆತ್ತದೆ ಬರೀ ಕೈಯಿಂದ ತೋರಿಸಿ, ಟೊಂಕಕ್ಕೆ ಒಂದು ಸೂಜಿ ಮಾಡಿಸಿಕೊಂಡಿದ್ದರು. ಜಿಲಾನಿ ಡಿಗ್ರಿಯಿಲ್ಲದ ಡಾಕ್ಟರು. ಹಿಂದೆ ಯಾರದೋ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದು ಕಲಿತ ವಿದ್ಯೆ. ಸೋಮವಾರ ಸೂಜಿ, ಮಂಗಳವಾರ ಕಾಲಿಲ್ಲ. ಊರಿಗೆ ಇನ್ನೇನು ಬೇಕು? ಸೂಜಿ ನರಕ್ಕೆ ಬಿತ್ತು, ಕಾಲು ಸತ್ತವು ಎಂದು ತೀರ್ಮಾನವಾಯಿತು. ನಾಲ್ಕು ಹುಡುಗರು ಸೇರಿ ಜಿಲಾನಿಯ ಖೋಲಿಯ ಮೇಲೆ ಕಲ್ಲು ತೂರಿದರು, ಔಷಧಿ ಕಪಾಟು ಬೀದಿಗೆ ಬಂತು. ಅವನು ಹೆಂಡತಿ ಮಕ್ಕಳನ್ನು ಕರೆದುಕೊಂಡು ದೇವದುರ್ಗದ ಭಾಮೈದನ ಮನೆ ಸೇರಿದ.

"ನಾಳಿ ಪೊಲೀಸ್ ಕಂಪ್ಲೇಂಟ್ ಕೊಡಾಕತ್ತೀನ್ರಿ ಮೇಡಂ" ಎಂದ ಮರಿಸ್ವಾಮಿ, ವಾರ್ಡಿನ ಹೊರಗೆ ನಿಂತು. "ನೀವು ಇದನ್ನ ಓದಿದವ್ರು. ಸೂಜಿ ನರಕ್ಕ ಬಿದ್ದದ್ದಕ್ಕ ಹಿಂಗಾತು ಅಂತ ಒಂದ್ ಮಾತು ಹೇಳಿದ್ರ ಸಾಕು. ಅವನ್ನ ಒಳಗ ಹಾಕಸ್ತೀನಿ."

"ಡಾಕ್ಟ್ರು ಹಂಗ ಹೇಳಿಲ್ಲಲ್ರಿ" ಎಂದಳು ಕಲ್ಯಾಣಿ.

"ಡಾಕ್ಟ್ರು ಯಾಕ ಬ್ಯಾರೆಯವ್ರ ಜಗಳದಾಗ ಬೀಳ್ತಾರ. ನೀವು ನಮ್ಮವ್ರು, ಅದಕ್ಕ ಕೇಳಾಕತ್ತೀನಿ."

ನಮ್ಮವರು ಎಂಬ ಆ ಮಾತು ಅವಳನ್ನು ಹಿಡಿದು ನಿಲ್ಲಿಸಿತು. ಹೇಳುತ್ತೇನೆ ಅನ್ನಲಿಲ್ಲ, ಹೇಳುವುದಿಲ್ಲ ಅನ್ನಲೂ ಇಲ್ಲ. "ನೋಡೂಣ್ರಿ" ಎಂದು ಹೇಳಿ ತಪ್ಪಿಸಿಕೊಂಡಳು.

ಮರುದಿನ ಮುಂಜಾನೆ ಕಾಲೇಜಿಗೆ ರಜೆ ಹಾಕಿ ದೇವದುರ್ಗದ ಬಸ್ಸು ಹತ್ತಿದಳು. ಯಾಕೆ ಹೋಗುತ್ತಿದ್ದೇನೆ ಎಂದು ಅವಳಿಗೇ ತಿಳಿಯದು. ಜಿಲಾನಿ ತಪ್ಪು ಮಾಡಿರಲಿ, ಎಲ್ಲೋ ಒಂದು ಕಡೆ ಅವನ ಸೂಜಿಯೂ ತಪ್ಪಿರಲಿ ಎಂಬ ಆಸೆ ಇತ್ತು ಅನ್ನಬೇಕು. ಬಸ್ ಸ್ಟ್ಯಾಂಡಿನ ಹಿಂದೆ ಅವನ ಭಾಮೈದ ಇನಾಯತನ ಬೈಕ್ ರಿಪೇರಿ ಅಂಗಡಿ. ಜಿಲಾನಿ ಅಲ್ಲಿ ಹಳೆ ಟೈರಿನ ಮೇಲೆ ಕೂತು ಸ್ಪ್ಯಾನರುಗಳನ್ನು ಸೀಮೆಎಣ್ಣೆಯಲ್ಲಿ ತೊಳೆಯುತ್ತಿದ್ದ. ಊರಿನಲ್ಲಿ ಯಾವತ್ತೂ ಇಸ್ತ್ರಿ ಶರ್ಟು ಹಾಕಿಕೊಂಡಿರುತ್ತಿದ್ದವನು. ಅವಳನ್ನು ಕಂಡು ಎದ್ದು ನಿಂತು ಕೈ ಒರೆಸಿಕೊಂಡ.

"ಮಾಸ್ತರ್ ಹ್ಯಾಂಗದಾರ ಬೇಟಿ?" ಎಂದೇ ಮೊದಲು ಕೇಳಿದ.

"ಆಪರೇಷನ್ ಆಗ್ಯಾದ್ರಿ. ನೀವು ಅವತ್ತು ಏನ್ ಸೂಜಿ ಮಾಡಿದ್ರಿ ಚಾಚಾ?"

"ನೋವಿಂದು, ಯಾವಾಗ್ಲೂ ಮಾಡೂದ ಅದು. ಖರೆ ಹೇಳ್ಲ್ಯಾ? ಸೂಜಿ ಚುಚ್ಚಿದ್ದ ಅವರಿಗೆ ಗೊತ್ತಾಗ್ಲಿಲ್ಲ. 'ಮಾಡಿದೇನು ಜಿಲಾನಿ' ಅಂತ ತಿರುಗಿ ಕೇಳಿದ್ರು. ನಂಗ ಎದಿ ಝಲ್ ಅಂತು. ಮಾಸ್ತರ್ರೇ, ಇದು ನನ್ನ ಕೈಯಾಗಿಂದಲ್ಲ, ಈಗಿಂದೀಗ ರಾಯಚೂರಿಗೆ ನಡೀರಿ, ಗಾಡಿ ನಾನ ತರ್ತೀನಿ ಅಂದೆ."

"ಏನಂದ್ರು?"

"ಬಾಯಿ ಮ್ಯಾಲ ಬೆರಳಿಟ್ಟು ತೋರಿಸಿದ್ರು. ಕಲ್ಯಾಣಿ ತುಳದಾಳ, ಹೋತು ಅಂದಾಳ, ಮಾತು ಎತ್ತಬ್ಯಾಡ ಅಂದ್ರು. ಆಕಿಗೆ ಎಲ್ಲಾ ಹೇಳೀನಿ, ಏನರ ಇದ್ರ ಆಕಿಗೆ ತಿಳೀತಿದ್ದಿಲ್ಲೇನು ಅಂದ್ರು. ನಾನೂ ವಿಚಾರ ಮಾಡ್ದೆ. ನೀ ಅಷ್ಟು ಓದಿದಾಕಿ, ನಾನು ಎಷ್ಟರಾಂವ." ಇದನ್ನು ಅವನು ಹಂಗಿಸಿ ಹೇಳಲಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿ ಮತ್ತೆ ಟೈರಿನ ಮೇಲೆ ಕೂತ.

ಇನಾಯತ ಪಕ್ಕದ ಹೋಟೆಲಿನಿಂದ ಚಹಾ ತರಿಸಿದ. ಕಲ್ಯಾಣಿ ಅದನ್ನು ಕುಡಿಯದೆ ಪಕ್ಕಕ್ಕಿಟ್ಟಳು. "ನಿಮ್ಮ ಸೂಜಿಯಿಂದ ಆಗಿಲ್ಲ ಚಾಚಾ, ನನಗ ಗೊತ್ತದ" ಎಂದಳು.

"ಗೊತ್ತಿದ್ರ ಅಲ್ಲಿ ಹೇಳವ್ವಾ. ನನ್ನ ಮುಂದ ಹೇಳಿ ಏನ್ ಬಂತು?"

ತಿರುಗಿ ಬರುವಾಗ ಬಸ್ಸಿನ ಕಿಟಕಿಯ ಹೊರಗೆ ಹತ್ತಿ ಹೊಲಗಳು ಬಿಳಿ ಬಿಳಿಯಾಗಿ ಹೋಗುತ್ತಿದ್ದವು, ಅವಳಿಗೆ ಒಂದೂ ಕಾಣಲಿಲ್ಲ. ಹೇಳಿದರೆ ಏನಾಗುತ್ತದೆ ಎಂಬುದಷ್ಟೇ ಕಾಣುತ್ತಿತ್ತು. ಗಬ್ಬೂರಿನ ಅವೇ ಹುಡುಗರು, ಅವೇ ಕಲ್ಲು. ಕೇರಿಯ ಹುಡುಗಿ ಅಯ್ಯನವರಾದ ಮಾಸ್ತರರ ಬೆನ್ನನ್ನು ಬೇಕಂತಲೇ ತುಳಿದಳು ಎಂಬ ಸುದ್ದಿ ಊರಿಗೆ ಮುಟ್ಟಿದರೆ ಜಿಲಾನಿಯ ಕಪಾಟಿನಷ್ಟಕ್ಕೇ ನಿಲ್ಲುತ್ತದೆಯೇ? ಅಲ್ಲಿ ಅವ್ವ ಒಬ್ಬಳೇ ಇದ್ದಾಳೆ. ಮುಂದಿನ ವಾರ ಗೌತಮನ ಮದುವೆ, ಕೇರಿಯಲ್ಲೇ ಚಪ್ಪರ. ಕಾಲೇಜಿನಲ್ಲಿ ಕೆಲಸ ಉಳಿಯುತ್ತದೆಯೇ ಎಂಬುದು ಆಮೇಲಿನ ಮಾತು. ಹೇಳದಿದ್ದರೆ ಏನೂ ಆಗುವುದಿಲ್ಲ. ಜಿಲಾನಿಗೆ ಆಗುತ್ತದೆ, ಅಷ್ಟೆ. ಹೀಗೆ ಅಷ್ಟೆ ಅಂದುಕೊಂಡ ತನ್ನ ಬಗ್ಗೆ ಅವಳಿಗೆ ಹೇಸಿಗೆಯಾಯಿತು. ಭಾನುವಾರ ಸುಮ್ಮನಿದ್ದು ಒಬ್ಬರ ಕಾಲು ಕಳೆದಿದ್ದಳು. ಇವತ್ತು ಸುಮ್ಮನಿದ್ದರೆ ಇನ್ನೊಬ್ಬನ ಬಾಳು.

ಗೌತಮನಿಗೆ ಫೋನ್ ಮಾಡಿ ನಡೆದದ್ದೆಲ್ಲ ಹೇಳಿದಳು. ಅವನು, "ಅವ್ವನ್ನ ಇವತ್ತ ದೇವದುರ್ಗಕ್ಕ ಕರಕೊಂಡು ಬರ್ತೀನಿ. ಚಪ್ಪರ ಬಾಗಲವಾಡದಾಗೂ ಹಾಕಬಹುದು. ನೀ ಹೋಗಿ ಹೇಳಕ್ಕಾ" ಎಂದ. ಬೈಯಲಿಲ್ಲ. ಸಮಾಧಾನವನ್ನೂ ಮಾಡಲಿಲ್ಲ.

ಮಧ್ಯಾಹ್ನ ವಾರ್ಡಿಗೆ ಬಂದಾಗ ಮಾಸ್ತರರು ದಿಂಬಿಗೆ ಒರಗಿದ್ದರು. ಶಿವಗಂಗಮ್ಮ ಅವರ ಪಾದಕ್ಕೆ ಎಣ್ಣೆ ತಿಕ್ಕುತ್ತಿದ್ದರು. ಮರಿಸ್ವಾಮಿ ಸ್ಟೇಷನ್ನಿಗೆ ಹೊರಡಲು ಚಪ್ಪಲಿ ಹಾಕಿಕೊಂಡಿದ್ದ.

"ಬಂದ್ರಿ ಛಲೋ ಆತು ಮೇಡಂ, ಕೂಡೇ ಹೋಗೂಣು" ಎಂದ.

"ಜಿಲಾನಿ ಚಾಚಾಂದು ಏನೂ ತಪ್ಪಿಲ್ರಿ" ಎಂದಳು ಕಲ್ಯಾಣಿ. ಕೂರದೆ, ಮಂಚದ ಕಬ್ಬಿಣ ಹಿಡಿದುಕೊಂಡು ನಿಂತೇ ಹೇಳಿದಳು. "ಸೂಜಿ ಮಾಡೂಕಿಂತ ಮೊದ್ಲ ನರ ಒತ್ತಿದ್ದವು. ಭಾನುವಾರ ಸರ್ ನನ್ನ ಮುಂದ ಎಲ್ಲಾ ಹೇಳಿದ್ರು, ಕಾಲು ಝುಂ ಅಂತಾವ, ಕುಂತಲ್ಲಿ ಗೊತ್ತಾಗವಲ್ದು, ಒಂದಕ್ಕ ಆಗವಲ್ದು ಅಂತ. ಅದು ಏನು ಅಂತ ನನಗ ಆಗಿಂದಾಗ ತಿಳೀತು. ತಿಳಿದೂ ಹೇಳ್ಲಿಲ್ಲ. ಹೇಳ್ದೆ ತುಳದೆ. ಹೋತು ಅಂದೆ."

ಮರಿಸ್ವಾಮಿ ನಕ್ಕುಬಿಟ್ಟ. "ಆ ಮುದುಕನ್ನ ಉಳಸಾಕ ನಿಮ್ಮ ಮ್ಯಾಲ ಹಾಕ್ಕೊಳ್ಳಾಕತ್ತೀರೇನು? ನಿಮ್ಮ ಕಾಲ್ಗುಣ ಊರಿಗೇ ಗೊತ್ತದ್ರಿ."

"ಬೇಕಂತ ಜೋರಾಗಿ ತುಳದೆ ಮರಿಸ್ವಾಮಿ. ಹಿಮ್ಮಡಿ ಊರಿ ತುಳದೆ. ತುಳದಿದ್ದಕ್ಕ ಇಷ್ಟಾತೋ ಇಲ್ಲೋ ಡಾಕ್ಟ್ರಿಗೂ ಹೇಳಾಕ ಬರೂದಿಲ್ಲ. ಹೇಳದ ಇದ್ದಿದ್ದಕ್ಕ ಆತು, ಅದು ನನಗ ಖಾತ್ರಿ ಅದ."

ಅವನ ನಗು ಹೋಯಿತು. "ಬೇಕಂತ? ಯಾಕ?"

ಕಲ್ಯಾಣಿ ಉತ್ತರ ಕೊಡಲಿಲ್ಲ. ಕೊಟ್ಟರೆ ಅದು ನೆಪವಾಗುತ್ತದೆ, ತಪ್ಪನ್ನು ಇನ್ನೊಬ್ಬರ ತಲೆಗೆ ಕಟ್ಟಿದ ಹಾಗಾಗುತ್ತದೆ. ಶಿವಗಂಗಮ್ಮ ಅವಳ ಮುಖ ನೋಡಿದರು. ನೋಡುತ್ತಾ ನೋಡುತ್ತಾ ಅವರಿಗೆ ಏನೋ ಹೊಳೆಯಿತು, ಎಣ್ಣೆಗೈಯನ್ನು ಮಡಿಲಲ್ಲಿ ಇಟ್ಟುಕೊಂಡು ತಲೆ ತಗ್ಗಿಸಿದರು. "ಅದನ್ನ ಕೇಳಬ್ಯಾಡಪಾ" ಎಂದರು ಮಗನಿಗೆ, ಬಹಳ ಸಣ್ಣ ದನಿಯಲ್ಲಿ.

ಮರಿಸ್ವಾಮಿ ಕೇಳುವ ಸ್ಥಿತಿಯಲ್ಲಿರಲಿಲ್ಲ. ಮಂಚ ಸುತ್ತಿಕೊಂಡು ಅವಳತ್ತ ಬಂದ. "ನಮ್ಮಪ್ಪ ನಿನ್ನ ಓದಿಸಿದ್ದು ಇದಕ್ಕೇನಲೇ?" ಎಂದ. ಅಕ್ಕಪಕ್ಕದ ಮಂಚದವರು ಎದ್ದು ಕೂತರು. ಕಲ್ಯಾಣಿ ಹಿಂದೆ ಸರಿಯಲಿಲ್ಲ, ಹೊಡೆಯಲಿ ಎಂದೇ ನಿಂತಳು.

"ಮರಿಸ್ವಾಮಿ, ಕುಂದ್ರು" ಎಂದರು ಮಾಸ್ತರರು. ಕ್ಲಾಸಿನ ದನಿ ಅದು. ಅವನು ಕೂರಲಿಲ್ಲ, ಆದರೆ ಮುಂದೆ ಬರಲೂ ಇಲ್ಲ. "ಆಕಿ ಹೇಳಿದ್ದು ಖರೆ ಅದ. ನಾನು ಹೇಳಿದ್ದೆ. ಹೇಳುವಾಗ ಆಕಿ ಮಾರಿ ನೋಡಿದ್ದೆ. ಕ್ಲಾಸಿನ್ಯಾಗ ಎಲ್ಲಾರಕಿಂತ ಮೊದ್ಲ ತಿಳಿತಿತ್ತು ಇಕಿಗೆ. ತಿಳದಾಗ ಹುಬ್ಬು ಕೂಡ್ತಿದ್ದವು. ಅವತ್ತೂ ಕೂಡಿದ್ವು." ಅವರು ಮಗನತ್ತ ತಿರುಗಿದರು. "ನಂಗೂ ಅನುಮಾನ ಇತ್ತಪಾ. ಅದ ಪಾಠಾನ ನಾನೂ ಎಷ್ಟು ವರ್ಷ ಮಾಡೀನಿ. ಆದ್ರ ಇಕಿ ಕಾಲು ಎತ್ತಿದ್ದು ನೋಡಿ, ಹಂಗಾದ್ರ ಏನೂ ಇಲ್ಲ, ಇದ್ದಿದ್ರ ಇಕಿ ತುಳಿತಿದ್ದಿಲ್ಲ ಅಂತ ಮಲಗಿದೆ. ಜಿಲಾನಿ ರಾಯಚೂರಿಗೆ ನಡಿ ಅಂದ್ರೂ ಹೋಗ್ಲಿಲ್ಲ. ಇಕಿ ಹೋತು ಅಂದಿದ್ಲಲ್ಲ."

ಸಿಟ್ಟಿನ ಮಾತಾಗಿದ್ದರೆ ಕಲ್ಯಾಣಿ ತಡೆದುಕೊಳ್ಳುತ್ತಿದ್ದಳು. ಮಾಸ್ತರರು ತಮ್ಮ ಮೈಯ ಸುದ್ದಿಗಿಂತ ಅವಳ ಮುಖವನ್ನು ಹೆಚ್ಚು ನಂಬಿದ್ದರು. ಆ ನಂಬಿಕೆಯ ಮೇಲೆಯೇ ಅವಳು ಹಿಮ್ಮಡಿ ಊರಿದ್ದಳು. ಕಣ್ಣೀರು ಬಂತು, ಒರೆಸಿಕೊಳ್ಳಲಿಲ್ಲ.

"ಜಿಲಾನಿಗೆ ಫೋನ್ ಹಚ್ಚು" ಎಂದರು ಮಾಸ್ತರರು ಮಗನಿಗೆ. "ಮಾಸ್ತರ್ ಊರಿಗೆ ವಾಪಸ್ ಬಾ ಅಂದಾರಂತ ಹೇಳು. ಅವನ ಖೋಲಿ ಒಡದ ಹುಡುಗ್ರಿಗೂ ಹಚ್ಚು, ನಾ ಮಾತಾಡ್ತೀನಿ. ಇಕಿ ಮನಿ ಮುಂದ ಒಬ್ಬರೂ ಹೋಗಂಗಿಲ್ಲ. ಹೋದ್ರ ನನ್ನ ಮಾರಿ ನೋಡಬ್ಯಾಡ್ರಿ ಅನ್ನು."

ಮರಿಸ್ವಾಮಿ ಕಲ್ಯಾಣಿಯನ್ನು ನೋಡದೆ ಫೋನ್ ಹಿಡಿದು ಹೊರಗೆ ಹೋದ. ಶಿವಗಂಗಮ್ಮ ಎಣ್ಣೆಯ ಬಟ್ಟಲು ತೊಳೆಯುವ ನೆಪದಲ್ಲಿ ಎದ್ದು ನಲ್ಲಿಯ ಕಡೆ ನಡೆದರು. ಮಂಚದ ಬಳಿ ಇಬ್ಬರೇ ಉಳಿದರು. ಮಾಸ್ತರರು ಹೊದಿಕೆಯ ಕೆಳಗಿನ ತಮ್ಮ ಕಾಲುಗಳನ್ನು ನೋಡುತ್ತಿದ್ದರು.

"ಈಗ ಒಂದು ಕೇಳ್ತೀನಿ" ಎಂದರು. "ಇಲ್ಲಿ ಎಲ್ಲಾರೂ ದೇವರ ದಯಾ ದೇವರ ದಯಾ ಅಂತಾರ. ನೀ ಹೇಳು. ಬರ್ತಾವೇನು?"

ಅವಳಿಗೆ ಸುಳ್ಳು ಹೇಳುವ ಆಸೆಯಾಯಿತು. ಬರುತ್ತವೆ ಸರ್ ಎಂದು ಅಂದುಬಿಟ್ಟರೆ ಇಬ್ಬರಿಗೂ ಈ ಹೊತ್ತು ದಾಟುತ್ತಿತ್ತು. ಅವಳು ಮಂಚದ ಕಬ್ಬಿಣ ಬಿಟ್ಟು ಅವರ ಪಕ್ಕಕ್ಕೆ ಬಂದಳು.

"ಕಾಲು ಸ್ವಲ್ಪ ಬರಬಹುದು ಸರ್. ದಿನಾ ವ್ಯಾಯಾಮ ಮಾಡಿದ್ರ, ಕೋಲು ಹಿಡದು ನಾಕು ಹೆಜ್ಜಿ ಹಾಕಬಹುದು, ಅದಕ್ಕ ವರ್ಷಾನ ಹಿಡೀತದ. ಕುಂತಲ್ಲಿ ಗೊತ್ತಾಗೂದು, ಒಂದಕ್ಕ ತಾನ ಹೋಗೂದು, ಅವು ಬರೂದು ಕಷ್ಟ ಅದ. ನಳಿಗಿ ನೀವ ಹಾಕ್ಕೊಳ್ಳೂದು ಕಲಿಬೇಕಾಗ್ತದ."

ಮಾಸ್ತರರು ತಲೆಯಾಡಿಸಿದರು.

"ಎಷ್ಟ್ ಸರಳ ಹೇಳಿದಿ ನೋಡು" ಎಂದರು. "ಅವತ್ತೂ ಇಷ್ಟ ಹೇಳಿದ್ರ ಸಾಕಿತ್ತವ್ವಾ."

"ಹೌದ್ರಿ ಸರ್" ಎಂದಳು ಕಲ್ಯಾಣಿ.